ಮಾದೇಶನ ಕೊನೆಯ ಪಂದ್ಯ ಮತ್ತು ನನ್ನ ಎಡಗಾಲು

ಹೋದ ತಿಂಗಳು ಹನೂರಿನ ಮೈದಾನದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಲೆಯನ್ನು ಎರಡು ಅಂಗೈಗಳ ನಡುವೆ ಹಿಡಿದುಕೊಂಡು ಮುಕ್ಕಾಲು ಗಂಟೆ ಮಂಡಿಯೂರಿ ಕೂತಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ದೈಹಿಕ ಶಿಕ್ಷಕರು ರಜೆಯಲ್ಲಿದ್ದರು, ಹಾಗಾಗಿ ಹುಡುಗಿಯರ ಕಬಡ್ಡಿ ತಂಡವನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹನೂರು ಎಂದು ಕೇಳಿದಾಗಲೇ ಇಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

ರೈಡಿಗೆ ಹೋದ ಹುಡುಗಿ ಇಬ್ಬರ ಹಿಡಿತಕ್ಕೆ ಸಿಕ್ಕು ತಲೆ ಕೆಳಗಾಗಿ ಬಿದ್ದಳು. ಎತ್ತಿ ಕೂರಿಸಲು ನಾಲ್ಕೈದು ಜನ ಓಡಿಬಂದರು. ಒಬ್ಬರು ಆಗಲೇ ಕತ್ತು ತಿರುಗಿಸಿ ನೆಟಿಗೆ ತೆಗೆಯಲು ಅವಳ ಗದ್ದಕ್ಕೆ ಕೈ ಹಾಕಿದ್ದರು. ನಾನು ಆ ಕೈಗೆ ಹೊಡೆದೆನಂತೆ. ಹೊಡೆದದ್ದು ನೆನಪಿಲ್ಲ. ಯಾರೂ ಮುಟ್ಟಬೇಡಿ ಎಂದು ಕೂಗಿದ್ದು, ಆಮೇಲೆ ಆ ಹುಡುಗಿಯ ಕಿವಿಯ ಹಿಂದಿನ ನಾಡಿ ನನ್ನ ಬೆರಳಿಗೆ ಬಡಿಯುತ್ತಿದ್ದದ್ದು, ಅಷ್ಟೇ ನೆನಪಿದೆ. ಆಂಬುಲೆನ್ಸ್ ಬರುವವರೆಗೆ ನಾನು ಅಲ್ಲಾಡಲಿಲ್ಲ, ಅವಳನ್ನು ಅಲ್ಲಾಡಲು ಬಿಡಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಸ್ವಲ್ಪ ಉಳುಕಿದೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಮೂರು ಗಂಟೆಗೆ ಅವಳು ಗೆಳತಿಯರ ಜೊತೆ ಬೋಂಡ ತಿನ್ನುತ್ತಿದ್ದಳು. ಬೇರೆ ಶಾಲೆಯ ಮೇಷ್ಟ್ರುಗಳು ನನ್ನನ್ನು ನೋಡಿ ನಕ್ಕರು. ನಗಲಿ.

ಆ ಮುಕ್ಕಾಲು ಗಂಟೆ ಒಬ್ಬ ಮನುಷ್ಯ ನಮ್ಮಿಬ್ಬರ ಮೇಲೆ ಬಿಸಿಲು ಬೀಳದ ಹಾಗೆ ಹಳೆಯ ಟಾರ್ಪಾಲನ್ನು ಎತ್ತಿ ಹಿಡಿದು ನಿಂತಿದ್ದ. ಮೈದಾನದ ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇಟ್ಟವನು. ಸಂಜೆ ನಾನು ಬಸ್ಸಿಗೆ ಹೊರಟಾಗ ಅವನು ಕೈಗೆ ಹತ್ತಿದ್ದ ಮಸಿ ಒರೆಸಿಕೊಳ್ಳುತ್ತ ಹತ್ತಿರ ಬಂದು ಕೇಳಿದ.

"ಸಾ, ನೀವು ಮಾಂಬಳ್ಳಿ ಮಾದೇಶನ ಟೀಮ್ನೋರಲ್ವಾ?"

ಆಗ ಗುರುತು ಸಿಕ್ಕಿತು. ಮುರುಗೇಶ. ಅದೇ ಮೈದಾನದಲ್ಲಿ, ಎದುರಾಳಿ ಕಾಲೇಜಿನ ತಂಡದಲ್ಲಿ ಎಡ ಮೂಲೆಗೆ ನಿಂತು ಆಡಿದ್ದವನು. ಮಾದೇಶನ ಕಾಲು ಹಿಡಿದವನು.

*

ಮಾದೇಶನಿಗೂ ನನಗೂ ಸ್ನೇಹ ಆದದ್ದು ನಾನು ಹುಟ್ಟಿದ ರೀತಿಯಿಂದ. ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಕಡೆ ಅದಕ್ಕೊಂದು ಬೆಲೆಯಿದೆ. ಸೊಂಟ ಉಳುಕಿದವರು, ಬೆನ್ನು ಹಿಡಿದುಕೊಂಡವರು ಅಂಥವರನ್ನು ಹುಡುಕಿಕೊಂಡು ಬರುತ್ತಾರೆ. ಹೊಸ್ತಿಲಿಗೆ ಅಡ್ಡವಾಗಿ ಮಕಾಡೆ ಮಲಗುತ್ತಾರೆ. ನೋವಿರುವ ಜಾಗಕ್ಕೆ ಎಡಗಾಲಿನಿಂದ ಮೂರು ಸಲ ಒದೆಯಬೇಕು. ಮಧುವನಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ, ನನಗೆ ಐದಾರು ವರ್ಷ ಇದ್ದಾಗಿನಿಂದ, ಬೆಳಗ್ಗೆ ಯಾರಾದರೂ ಒಬ್ಬರು ಬಂದು ಕೂತಿರುತ್ತಿದ್ದರು. ಅಜ್ಜಿ ನನ್ನನ್ನು ನಿದ್ದೆಗಣ್ಣಲ್ಲೇ ಎಬ್ಬಿಸಿ ತಂದು ನಿಲ್ಲಿಸುತ್ತಿದ್ದಳು. ನಾನು ಒದೆಯುತ್ತಿದ್ದೆ. ಅಜ್ಜನ ವಯಸ್ಸಿನವರು ಎದ್ದು, ನನ್ನ ಪುಟ್ಟ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಸೇರಿದ ಮೇಲೆ ಇದನ್ನು ಯಾರಿಗೂ ಹೇಳಿರಲಿಲ್ಲ. ಪ್ರಾಣಿಶಾಸ್ತ್ರ ಓದುವವನು ಇಂಥದ್ದನ್ನೆಲ್ಲ ಹೇಳಿಕೊಳ್ಳುವುದೇ ನಾಚಿಕೆ ಎನಿಸಿತ್ತು. ಊರಿನ ಯಾರೋ ಬಾಯಿ ಬಿಟ್ಟರು. ಎರಡನೇ ವರ್ಷದ ಜುಲೈ ತಿಂಗಳ ಒಂದು ಮಧ್ಯಾಹ್ನ, ಲ್ಯಾಬಿನ ಬಾಗಿಲಲ್ಲಿ ಕಪ್ಪಗಿನ, ಗಿಡ್ಡ ಕತ್ತಿನ, ಕಾಲಿನ ಮೀನಖಂಡಗಳು ಕಲ್ಲಿನ ಹಾಗಿದ್ದ ಒಬ್ಬ ಹುಡುಗ ಸೊಂಟ ಹಿಡಿದುಕೊಂಡು ನಿಂತಿದ್ದ. ಕಾಲೇಜಿನಲ್ಲಿ ಅವನನ್ನು ಅರಿಯದವರಿರಲಿಲ್ಲ. ಕಬಡ್ಡಿ ತಂಡದ ರೈಡರ್, ಬಿ.ಎ. ಓದುತ್ತಿದ್ದ ಮಾದೇಶ.

"ಲೇ ಬಸು, ನೀನು ಕಾಲ್ ಮುಂದಾಗಿ ಉಟ್ಟಿದ್ದಂತಲ್ಲಾ?"

ಇಲ್ಲ ಎಂದೆ.

"ಯೋಳ್ಲಾ, ನಾಚ್ಕಬ್ಯಾಡ. ನಾನು ಮೂಗ್ ಮುಂದಾಗಿ ಉಟ್ದೋನು. ಅದ್ಕೆ ಎಲ್ಲಾರ ಇಸ್ಯಕ್ಕೂ ಮೂಗ್ ತೂರ್ಸ್ತೀನಿ."

ಲ್ಯಾಬಿನ ಹೊಸ್ತಿಲ ಮೇಲೆಯೇ ಮಲಗಿದ. ಯಾರಾದರೂ ನೋಡಿಯಾರು ಎಂಬ ಹೆದರಿಕೆಯಲ್ಲಿ ನಾನು ಬೇಗ ಬೇಗ ಮೂರು ಸಲ ಕಾಲು ತಾಗಿಸಿದೆ. ಮಾರನೆಯ ದಿನ ನೋವು ಹೋಗಿತ್ತು. ತಾನಾಗಿಯೇ ಹೋಗುತ್ತಿತ್ತೇನೋ. ಅವನು ಮಾತ್ರ ಇಡೀ ಕಾಲೇಜಿಗೆ ಸಾರಿಕೊಂಡು ಬಂದ. ಅಲ್ಲಿಂದ ಮುಂದೆ ಪ್ರತಿ ಪಂದ್ಯಕ್ಕೂ ಮುಂಚೆ ನನ್ನ ಎಡಗಾಲು ಅವನ ಬೆನ್ನಿಗೆ ಒಮ್ಮೆ ತಾಗಬೇಕಿತ್ತು. ದೈಹಿಕ ಶಿಕ್ಷಣ ನಿರ್ದೇಶಕರು, ನಾವು ಪಿ.ಡಿ. ಸಾರ್ ಎನ್ನುತ್ತಿದ್ದೆವು, ಮೊದಲು ಬೈದರು. ಆಮೇಲೆ ಮಾದೇಶನ ಕಾಟ ತಡೆಯಲಾರದೆ ನನ್ನ ಹೆಸರನ್ನು ಪಟ್ಟಿಯಲ್ಲಿ ಹನ್ನೆರಡನೆಯವನಾಗಿ ಬರೆದುಕೊಂಡರು. ಒಬ್ಬನನ್ನೂ ಹಿಡಿದು ನಿಲ್ಲಿಸಲಾರದ ನನಗೆ ಟ್ರ್ಯಾಕ್‌ಸೂಟ್ ಸಿಕ್ಕಿತು. ಅದನ್ನು ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಬೇಕೆಂದೇ ಎರಡು ಸುತ್ತು ಹೆಚ್ಚು ನಡೆಯುತ್ತಿದ್ದೆ. ಇದನ್ನು ಬಚ್ಚಿಟ್ಟು ಬರೆದರೆ ಮಿಕ್ಕದ್ದನ್ನು ಬರೆದು ಪ್ರಯೋಜನವಿಲ್ಲ. ನಾನು ಆ ಕಾಲನ್ನು ನಂಬಿರಲಿಲ್ಲ. ಆದರೆ ಬೇರೆಯವರು ನಂಬುವುದು ನನಗೆ ಇಷ್ಟವಾಗಿತ್ತು.

ಕಾಲೇಜು ಮೈದಾನದ ಕಾಂಪೌಂಡಿನ ಆಚೆ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಿದ್ದವು. ಸಂಜೆ ನಾವು ಅಭ್ಯಾಸಕ್ಕೆ ಇಳಿಯುವ ಹೊತ್ತಿಗೆ ಗೂಡು ಬೇಯುವ ವಾಸನೆ ಗೋಡೆ ದಾಟಿ ಬರುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಮಾದೇಶ ಆ ವಾಸನೆಯನ್ನೇ ಉದ್ದಕ್ಕೆ ಎದೆ ತುಂಬ ಎಳೆದುಕೊಂಡು ರೈಡಿಗೆ ಹೋಗುತ್ತಿದ್ದ. ಮಿಕ್ಕವರು ಕಬಡ್ಡಿ ಕಬಡ್ಡಿ ಎಂದು ಕೂಗುತ್ತಾರೆ. ಅವನು ಕೂಗುತ್ತಿರಲಿಲ್ಲ. ಎದುರಿನವರಿಗೆ ಏನೋ ಗುಟ್ಟು ಹೇಳುವವನ ಹಾಗೆ ಮೆಲ್ಲಗೆ ಗೊಣಗುತ್ತ, ನಗುತ್ತ, ಕೈ ಬೀಸುತ್ತ ಓಡಾಡುತ್ತಿದ್ದ. ಹತ್ತಿರ ಬಂದು ಕೇಳಿಸಿಕೊಳ್ಳೋಣ ಎಂದು ಅವರು ಒಂದು ಹೆಜ್ಜೆ ಮುಂದಿಟ್ಟರೆ ಮುಟ್ಟಿ ಬಂದುಬಿಡುತ್ತಿದ್ದ.

ಅವನು ಆಟ ಕಲಿತದ್ದು ಮಾಂಬಳ್ಳಿಯ ಕೊಯ್ದ ಗದ್ದೆಗಳಲ್ಲಿ. ಭತ್ತದ ಕೂಳೆ ಅಂಗಾಲಿಗೆ ಚುಚ್ಚದಂತೆ ಕಾಲಿಡುವುದೇ ತನ್ನ ಮೊದಲ ಕೋಚಿಂಗ್ ಎನ್ನುತ್ತಿದ್ದ. ಅಪ್ಪ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ತಾಯಿ ಪುಟ್ಟಮಾದಮ್ಮ ಬೇರೆಯವರ ಗದ್ದೆಯಲ್ಲಿ ನಾಟಿಗೆ, ಕಳೆಗೆ ಹೋಗಿ ಅವನನ್ನು ಓದಿಸಿದವರು. ಮಾದೇಶನಿಗೆ ಬೇಕಾಗಿದ್ದದ್ದು ಒಂದೇ. ವಿಶ್ವವಿದ್ಯಾಲಯದ ತಂಡ. ಅಲ್ಲಿ ಆಡಿದವರಿಗೆ ಪೊಲೀಸ್ ಇಲಾಖೆಯಲ್ಲಿ ಆಟಗಾರರ ಕೋಟಾದಡಿ ಕೆಲಸ ಸಿಗುತ್ತದೆ ಎಂದು ಯಾರೋ ಸೀನಿಯರ್ ಹೇಳಿದ್ದರು. ಅವ್ವ ಕೆಸರಲ್ಲಿ ಬಗ್ಗೋದು ನಿಲ್ಲಬೇಕು ಎನ್ನುತ್ತಿದ್ದ. ಅಭ್ಯಾಸ ಮುಗಿದ ಮೇಲೆ ಮೈತುಂಬ ಮಣ್ಣು ಮೆತ್ತಿಕೊಂಡೇ ನನ್ನ ಮುಂದೆ ಎದೆ ಸೆಟೆಸಿ ನಿಂತು ಸೆಲ್ಯೂಟ್ ಹೊಡೆದು, ಸರಿಯಾಗಿದೆಯಾ ಎಂದು ಕೇಳುತ್ತಿದ್ದ. ಮೊಣಕೈ ಯಾವಾಗಲೂ ಸ್ವಲ್ಪ ಕೆಳಗಿರುತ್ತಿತ್ತು. ನಾನು ಎತ್ತಿ ಸರಿಮಾಡುತ್ತಿದ್ದೆ.

ಆ ವರ್ಷ ಆಗಸ್ಟಿನಿಂದ ನವೆಂಬರಿನವರೆಗೆ ನಾವು ಒಂದೇ ಪಂದ್ಯ ಸೋತದ್ದು. ಅದರಲ್ಲಿ ಮಾದೇಶ ಜ್ವರ ಬಂದು ಆಡಿರಲಿಲ್ಲ. ಹಿಂಗಾರು ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಕೋರ್ಟಿನ ಮಣ್ಣು ಅಗೆದು, ಕಲ್ಲು ಆರಿಸಿ, ಮರದ ಹೊಟ್ಟು ಬೆರೆಸಿ ಹದಮಾಡುವುದು, ಮರುದಿನವೇ ಮಳೆ ಬಂದು ಎಲ್ಲ ಕೊಚ್ಚಿಹೋಗುವುದು, ಮತ್ತೆ ಅಗೆಯುವುದು. ಹೀಗೆ ಡಿಸೆಂಬರ್ ಬಂತು. ಹನೂರಿನಲ್ಲಿ ಅಂತರ ಕಾಲೇಜು ಪಂದ್ಯದ ಫೈನಲ್ ಶನಿವಾರಕ್ಕೆ ಗೊತ್ತಾಯಿತು. ಸೋಮವಾರ ಮೈಸೂರಿನಲ್ಲಿ ವಿಶ್ವವಿದ್ಯಾಲಯದ ತಂಡದ ಆಯ್ಕೆ. ಮಾದೇಶನ ಹೆಸರು ಹೋಗಿ ಆಗಿತ್ತು.

*

ಹನೂರಿನಲ್ಲಿ ಮೂರು ದಿನ ಮಳೆ ಹೊಯ್ದು, ಎರಡು ದಿನ ಸುಡು ಬಿಸಿಲು ಕಾಯ್ದಿತ್ತು. ಕೋರ್ಟನ್ನು ಯಾರೂ ಮತ್ತೆ ಅಗೆದಿರಲಿಲ್ಲ. ಬರಿಗಾಲಿಟ್ಟರೆ ಗಾರೆ ನೆಲದ ಹಾಗೆ ಸದ್ದು ಬರುತ್ತಿತ್ತು. ಪಿ.ಡಿ. ಸಾರ್ ಗೊಣಗಿದರು. ಆದರೆ ಜನ ಸೇರಿಬಿಟ್ಟಿದ್ದರು.

ಪಂದ್ಯ ಮುಗಿಯಲು ಅರ್ಧ ನಿಮಿಷ ಇದ್ದಾಗ ಎರಡೂ ತಂಡದ ಅಂಕ ಸಮ. ಮಾದೇಶ ರೈಡಿಗೆ ಹೋದ. ಒಬ್ಬನನ್ನು ಮುಟ್ಟಿದ, ತಿರುಗಿದ. ದಾರಿಗೆ ಇಬ್ಬರು ಕೈ ಕೈ ಹಿಡಿದು ಅಡ್ಡ ನಿಂತಿದ್ದರು. ಅವರ ಮೇಲಿಂದ ನೆಗೆದ. ಅಷ್ಟರಲ್ಲಿ ಮೂಲೆಯಿಂದ ಮುರುಗೇಶ ಹಾರಿ, ಗಾಳಿಯಲ್ಲಿದ್ದ ಅವನ ಹಿಂದಿನ ಕಾಲನ್ನು ಹಿಡಿದ. ಒಳ್ಳೆಯ ಹಿಡಿತ. ಯಾವ ಮೂಲೆಯ ಆಟಗಾರನೂ ಮಾಡಬೇಕಾದದ್ದನ್ನೇ ಅವನು ಮಾಡಿದ. ಮಾದೇಶ ನೆತ್ತಿಯ ಮೇಲೆ ಬಿದ್ದ. ಬಿದ್ದವನ ಕೈ ಮಾತ್ರ ನಡುಗೆರೆಯ ಈಚೆಗೆ ಬಂದಿತ್ತು. ಕೊನೆಯ ವಿಷಲ್ ಊದಿದರು. ನಾವು ಗೆದ್ದೆವು.

ಅವನು ತಾನಾಗಿಯೇ ಎದ್ದ. ಇದನ್ನು ನಾನು ಸಾವಿರ ಸಲ ಮನಸ್ಸಿನಲ್ಲಿ ನೋಡಿದ್ದೇನೆ. ಎದ್ದ, ಎರಡು ಹೆಜ್ಜೆ ತೂರಾಡಿದ, ಆಮೇಲೆ ಸರಿಯಾಗಿ ನಡೆದುಕೊಂಡು ಬಂದ. ಮುರುಗೇಶನ ಬೆನ್ನು ತಟ್ಟಿದ. ಪಿ.ಡಿ. ಸಾರ್ ಬಹುಮಾನದ ಮೇಜಿನ ಹತ್ತಿರ ಹೋದರು. ನಾವು ಹುಡುಗರು ಬಟ್ಟೆ ಇಟ್ಟಿದ್ದ ಕೋಣೆಗೆ ಬಂದೆವು. ಅಲ್ಲಿ ಮಾದೇಶ ಕತ್ತು ಹಿಡ್ಕೊಂಡಂಗೆ ಆಗ್ತಿದೆ ಎಂದ. ಬೆರಳುಗಳಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆ ಎಂದೂ ಹೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಅವನು ಆಗಲೇ ಮೆಲ್ಲಗೆ ಹೊಸ್ತಿಲ ಮೇಲೆ ಮಕಾಡೆ ಮಲಗುತ್ತಿದ್ದ.

ಎರಡು ವಾರದ ಹಿಂದಷ್ಟೇ ನಾನು ರೆಕಾರ್ಡ್ ಪುಸ್ತಕದಲ್ಲಿ ಮೊಲದ ಕತ್ತಿನ ಮೂಳೆಗಳ ಚಿತ್ರ ಬರೆದಿದ್ದೆ. ನಡುವಿನ ತೂತಿಗೆ ಬಾಣದ ಗುರುತು ಹಾಕಿ, ಬೆನ್ನುಹುರಿ ಇಲ್ಲಿ ಹಾದುಹೋಗುತ್ತದೆ ಎಂದು ದುಂಡಗೆ ಬರೆದಿದ್ದೆ. ಹತ್ತಕ್ಕೆ ಒಂಬತ್ತು ಅಂಕ ಬಂದಿತ್ತು. ಆ ಬಾಣದ ಗುರುತು ಆಗ ನನ್ನ ಕಣ್ಣ ಮುಂದೆ ಬಂತು. ಬಂತು ಎಂಬುದೇ ನನ್ನ ಕಷ್ಟ. ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

"ಸಾರ್ಗೆ ಯೋಳುವ ಕಣ್ಲಾ. ಎಕ್ಸ್‌ರೇ ತಗ್ಸುವ," ಎಂದೆ.

"ಯೋಳುದ್ರೆ ಮುಗೀತು. ಸೋಮ್ವಾರ ನನ್ನ ಕಳ್ಸಾಕಿಲ್ಲ ಅವ್ರು."

"ಬೆರಳು ಜುಮ್ ಅಂತದೆ ಅಂತೀಯಲ್ಲಾ."

"ಗೆದ್ದಿವಲ್ಲ, ಅದ್ಕೆ ಜುಮ್ ಅಂತದೆ. ಒದಿಲಾ ಬಸು, ಯಾವತ್ತೂ ಒದ್ದಂಗೆ."

ಹುಡುಗರು ನಕ್ಕರು. ಸೋಮವಾರ ಅವನು ಹೋಗಬೇಕು ಎಂಬ ಆಸೆ ನನಗೂ ಇತ್ತು. ಇಲ್ಲ, ನನ್ನಿಂದ ಆಗುವುದಿಲ್ಲ ಎಂದರೆ ಅವರೆಲ್ಲರ ಮುಂದೆ ನಾನು ಏನೂ ಅಲ್ಲದವನಾಗುತ್ತೇನೆ ಎಂಬುದೂ ಇತ್ತು. ಎಡಗಾಲಿನ ಚಪ್ಪಲಿ ಬಿಟ್ಟೆ. ಒಂದು ಸಲ ತಾಗಿಸಿದೆ, ಎರಡು ಸಲ ತಾಗಿಸಿದೆ. ಗೋಣಿನ ಬುಡದಲ್ಲಿ, ಬರೀ ಸೋಕಿದ ಹಾಗೆ. ಇನ್ನೂ ವಸಿ ಗಟ್ಟಿ ಒದಿ ಎಂದ. ಮೂರನೆಯ ಸಲ ಒತ್ತಿದೆ.

ಲಟಕ್ ಎಂದು ಸಣ್ಣ ಸದ್ದು ಬಂತು. ಹುಡುಗರು ಹೋ ಎಂದರು. ಸದ್ದು ಬಂದರೆ ಉಳುಕು ಬಿಟ್ಟಿತು ಎಂದು ಲೆಕ್ಕ. ಹೊಸ್ತಿಲ ಮರದ ಸದ್ದೋ, ನನ್ನ ಕಾಲಿನ ಗೆಣ್ಣಿನ ಸದ್ದೋ, ನನಗೆ ಇವತ್ತಿಗೂ ತಿಳಿಯದು. ಬೇರೆ ಯಾವುದರದ್ದೋ ಎಂಬುದೂ ತಿಳಿಯದು.

"ಓಯ್ತು ಕಣ್ಲಾ," ಎಂದ ಮಾದೇಶ, ಕೆನ್ನೆ ನೆಲಕ್ಕೆ ಇಟ್ಟುಕೊಂಡೇ. "ನೋವೇ ಇಲ್ಲ ಈಗ."

ನಾವು ಅವನು ಏಳುವುದನ್ನು ಕಾದೆವು. ಸ್ವಲ್ಪ ಹೊತ್ತು ಬಿಟ್ಟು ಅವನು ಮತ್ತೆ ಹೇಳಿದ, ಅದೇ ದನಿಯಲ್ಲಿ, ಯಾರಿಗೂ ತೊಂದರೆ ಕೊಡಲು ಇಷ್ಟವಿಲ್ಲದವನ ಹಾಗೆ.

"ಎತ್ಲಾ ನನ್ನ. ಕೈ ಯಾಕೋ ಬರ್ತಿಲ್ಲ."

ಎತ್ತಿದೆವು. ಕಂಕುಳಿಗೆ ಇಬ್ಬರು, ಕಾಲಿಗೆ ಇಬ್ಬರು. ತಲೆ ಹಿಂದಕ್ಕೆ ಜೋಲಿತು. ಹಾಗೆಯೇ ಗೂಡ್ಸ್ ಆಟೋದಲ್ಲಿ ಮಲಗಿಸಿ ಹನೂರಿನ ಆಸ್ಪತ್ರೆಗೆ, ಅಲ್ಲಿಂದ ಕೊಳ್ಳೇಗಾಲಕ್ಕೆ, ಅಲ್ಲಿಂದ ಮೈಸೂರಿಗೆ. ಮೈಸೂರಿನಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದರು. ಬಿದ್ದ, ತಾನೇ ಎದ್ದು ನಡೆದ, ಆಮೇಲೆ ಕುಸಿದ ಎಂದು ಪಿ.ಡಿ. ಸಾರ್ ತಮಗೆ ತಿಳಿದಷ್ಟನ್ನು ಹೇಳಿದರು. ಡಾಕ್ಟರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಕತ್ತಿನ ಮೂಳೆ ಬಿರುಕು ಬಿಟ್ಟರೂ ಕೆಲವೊಮ್ಮೆ ನರಕ್ಕೆ ಏನೂ ಆಗಿರುವುದಿಲ್ಲ, ಅಂಥ ಹೊತ್ತಿನಲ್ಲಿ ತಲೆ ಅಲ್ಲಾಡದಂತೆ ಹಿಡಿದುಕೊಂಡಿದ್ದರೆ ಉಳಿಯುವುದುಂಟು, ಇವನದು ಯಾವಾಗ ಆಯಿತೋ ಈಗ ಹೇಳಲಾಗುವುದಿಲ್ಲ ಎಂದರು. ಯಾರೂ ನನ್ನ ಕಾಲಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೂರನೆಯ ದಿನ ನಾನೊಬ್ಬನೇ ಹಾಸಿಗೆಯ ಹತ್ತಿರ ಇದ್ದಾಗ ಮಾದೇಶ ಕಣ್ಣಿನಲ್ಲೇ ಬಾ ಎಂದ. ಕತ್ತಿಗೆ ಪಟ್ಟಿ ಕಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ಮುರುಗೇಶ ಇಡ್ದ, ನಾನ್ ಬಿದ್ದೆ. ಅಷ್ಟೇ ಕಣ್ಲಾ ಆಗಿದ್ದು. ನೀನ್ ಓದ್ಕೋ ಓಗು."

ನಾನು ಓದಿಕೊಂಡೆ.

*

ಆಮೇಲೆ ಆರು ವರ್ಷ ಅವನು ಮಾಂಬಳ್ಳಿಯ ಮನೆಯ ನಡುಮನೆಯಲ್ಲಿ ಮಂಚದ ಮೇಲಿದ್ದ. ತಲೆ ಆಡುತ್ತಿತ್ತು, ಮಾತು ಇತ್ತು, ಬೇರೇನೂ ಇರಲಿಲ್ಲ. ಬೆನ್ನು ಹುಣ್ಣಾಗದ ಹಾಗೆ ಪುಟ್ಟಮಾದಮ್ಮ ಎರಡೆರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಊರಿನ ಹುಡುಗರು ಸಂಜೆ ಬಂದು ಮಂಚದ ಸುತ್ತ ಕೂರುತ್ತಿದ್ದರು. ಟೀವಿಯಲ್ಲಿ ಕಬಡ್ಡಿ ಬಂದರೆ ಯಾರು ಯಾವ ಕಡೆಯಿಂದ ಹಿಡಿಯುತ್ತಾರೆ ಎಂದು ಅವನು ಮೊದಲೇ ಹೇಳುತ್ತಿದ್ದನಂತೆ. ಹೇಳಿದ್ದು ತಪ್ಪುತ್ತಿರಲಿಲ್ಲವಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದವನು, ಬಿ.ಎಡ್. ಸೇರಿದ ಮೇಲೆ ವರ್ಷಕ್ಕೊಮ್ಮೆ ಹೋದೆ. ಆಮೇಲೆ ಹೋಗಲಿಲ್ಲ. ಎರಡು ವರ್ಷದ ಹಿಂದೆ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ. ಮಣ್ಣಿಗೆ ಹೋಗಿ, ದೂರ ನಿಂತು, ಬೇಗ ಬಂದುಬಿಟ್ಟೆ.

ಇದನ್ನೆಲ್ಲ ಬಲ್ಲವನ ಹಾಗೆ ಮುರುಗೇಶ ಅವತ್ತು ಹನೂರಿನಲ್ಲಿ ನನ್ನ ಮುಂದೆ ನಿಂತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ. ತಾನು ಆ ದಿನದಿಂದ ಕೋರ್ಟಿಗೆ ಇಳಿದಿಲ್ಲ ಎಂದ. ಇಲ್ಲಿ ಪಂದ್ಯ ನಡೆದಾಗಲೆಲ್ಲ ಅಂಗಡಿಯಿಂದ ಎದ್ದು ಬಂದು ನಿಲ್ಲುತ್ತಾನಂತೆ, ಯಾರಾದರೂ ಬಿದ್ದರೆ ಎಂದು. ಒಮ್ಮೆ ಮಾಂಬಳ್ಳಿಗೂ ಹೋಗಿದ್ದನಂತೆ.

"ಅವ್ರಮ್ಮ ಒಳಕ್ಕೆ ಬುಡ್ಲಿಲ್ಲ ಸಾ. ನೀರ್ ಕೇಳ್ದೆ, ಕೊಡ್ಲಿಲ್ಲ. ಕೊಡೋದಾದ್ರೂ ಎಂಗ್ ಬುಡಿ. ನಾನೇ ಅಲ್ವಾ ಅವ್ನ ಕಾಲ್ ಇಡ್ದಿದ್ದು."

ನಾನು ಬಾಯಿ ತೆರೆದೆ. ಬಸ್ಸು ಬಂತು, ಮಕ್ಕಳು ಸಾರ್ ಸಾರ್ ಎಂದು ಕರೆದರು. ಹತ್ತಿದೆ. ಕಿಟಕಿಯಿಂದ ನೋಡಿದರೆ ಅವನು ಟಾರ್ಪಾಲನ್ನು ಮಡಿಸುತ್ತಿದ್ದ.

ಮುಂದಿನ ಭಾನುವಾರ ಮಾಂಬಳ್ಳಿಗೆ ಹೊರಟೆ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಎಲ್ಲಿಂದಲೋ ಗೂಡು ಬೇಯುವ ವಾಸನೆ ಬಂತು. ಶೆಡ್ಡುಗಳು ಈಗ ಮೊದಲಿನಷ್ಟಿಲ್ಲ. ವಾಸನೆ ಮಾತ್ರ ಹಾಗೆಯೇ ಇದೆ. ಹಿಂದಿರುಗಿ ಹೋಗೋಣ ಎನಿಸಿತು.

ಪುಟ್ಟಮಾದಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಸೊಂಟ ಪೂರ್ತಿ ಬಗ್ಗಿಹೋಗಿತ್ತು. ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರು? ಬಸೂನಾ? ಬಾ ಕೂಸು, ಕೂತ್ಕೋ."

ಒಳಗೆ ಹೋಗಿ ಒಂದು ಚೊಂಬು ನೀರು ತಂದು ಮುಂದಿಟ್ಟರು. ನಾನು ಅರ್ಧ ಕುಡಿದು ಚೊಂಬನ್ನು ಕೆಳಗಿಟ್ಟೆ. ಅವರು ನನ್ನ ಮನೆ, ಹೆಂಡತಿ, ಕೆಲಸ ಎಲ್ಲ ವಿಚಾರಿಸಿದರು. ಮಗನನ್ನು ಹೊರಳಿಸಿ ಹೊರಳಿಸಿ ಸೊಂಟ ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲ ಎಂದರು. ಡಾಕ್ಟರ ಹತ್ತಿರ ಎರಡು ಸಲ ಹೋಗಿ ಬಂದರಂತೆ. ಆಮೇಲೆ ನೆನಪಾದವರ ಹಾಗೆ ಮೆಲ್ಲಗೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಬಗ್ಗಿ, ಮನೆಯ ಹೊಸ್ತಿಲಿಗೆ ಅಡ್ಡವಾಗಿ ಮಕಾಡೆ ಮಲಗಿದರು.

"ಮಾದೇಸ ಯೋಳ್ತಿದ್ದ, ನಿನ್ ಕಾಲಲ್ಲಿ ಗುಣ ಅದೆ ಅಂತ. ಅಷ್ಟ್ ವರ್ಸ ಕೇಳಾಕೆ ಆಗ್ನಿಲ್ಲ ನಂಗೆ. ವಸಿ ಒದ್ದುಬುಡು ಕೂಸು."

ನಾನು ಎದ್ದು ನಿಂತೆ. ಅವರ ಬೆನ್ನು ನನ್ನ ಕಾಲ ಹತ್ತಿರ ಇತ್ತು, ರವಿಕೆಯ ಒಳಗಿನ ಒಂದೊಂದು ಮೂಳೆಯೂ ಎಣಿಸುವ ಹಾಗೆ. ಅಷ್ಟು ವರ್ಷ ನಾಟಿಗೆ ಬಗ್ಗಿದ, ಆರು ವರ್ಷ ಮಗನನ್ನು ಎತ್ತಿದ ಬೆನ್ನು. ನನ್ನ ಕಾಲು ನೆಲ ಬಿಟ್ಟು ಏಳಲಿಲ್ಲ. ನಾನು ಅವರ ತಲೆಯ ಪಕ್ಕ ಕೂತುಕೊಂಡು ಹೇಳಿದೆ. ಕೋಣೆ, ಹೊಸ್ತಿಲು, ಬೆರಳಿನ ಜುಮ್ಮು, ಮೂರನೆಯ ಸಲ, ಸದ್ದು. ಮಾದೇಶ ಆಸ್ಪತ್ರೆಯಲ್ಲಿ ಹೇಳಿದ್ದು. ಕಾಲು ಹಿಡಿದವನ ತಪ್ಪಲ್ಲ ಎಂದೂ ಹೇಳಿದೆ. ಅದನ್ನು ಎರಡು ಸಲ ಹೇಳಿದೆ.

ಅವರ ಮುಖ ನೆಲಕ್ಕಿತ್ತು, ನನಗೆ ಕಾಣಲಿಲ್ಲ. ಬೆನ್ನು ಮೇಲಕ್ಕೆ ಕೆಳಕ್ಕೆ ಆಡುತ್ತಿತ್ತು. ಎದುರು ಮನೆಯಲ್ಲಿ ಯಾರೋ ಪಾತ್ರೆ ತೊಳೆದು ಮುಗಿಸಿದರು. ಆಮೇಲೆ ಅವರು ಒಂದು ಕೈ ಮೇಲೆತ್ತಿದರು. ಎತ್ತು ಎಂಬಂತೆ. ನಾನು ಹಿಡಿದು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆ. ಅವರು ನನ್ನ ಮುಖ ನೋಡಲಿಲ್ಲ. ಬೀದಿಯ ಕಡೆ ನೋಡುತ್ತ ಹೇಳಿದರು.

"ನೀನು ಇನ್ ಬರ್ಬ್ಯಾಡ ಅನ್ನಾಕಿಲ್ಲ ನಾನು. ಬಾ ಅಂತ್ಲೂ ಅನ್ನಾಕಿಲ್ಲ."

ಸರಿ ಎಂದೆ.

"ಆ ಅನೂರ್ ಉಡ್ಗ. ಯಾನ ಅವ್ನ ಎಸ್ರು?"

"ಮುರುಗೇಶ."

ಪುಟ್ಟಮಾದಮ್ಮ ಆ ಹೆಸರನ್ನು ಬಾಯೊಳಗೇ ಒಂದು ಸಲ ಹೇಳಿಕೊಂಡರು. ನನ್ನ ಮುಂದಿದ್ದ ಚೊಂಬನ್ನು ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಅದರಲ್ಲಿ ಇನ್ನೂ ಅರ್ಧ ನೀರಿತ್ತು.

"ಬಿಸ್ಲಲ್ ಬಂದಿದ್ದ ಕಣಪ್ಪ ಅವ್ನು," ಎಂದರು. "ನೀರ್ ಕೇಳ್ದ. ಕೊಡ್ನಿಲ್ಲ ನಾನು."